ಟೀ ಪಾರ್ಟಿ ಸಮೀಕ್ಷೆಗಳು: ಕೇಳಿದ್ದು ಯಾರನ್ನು?

2009ರ ಡಿಸೆಂಬರ್‌ನಲ್ಲಿ ಅಮೆರಿಕದ ರಾಸ್ಮುಸೆನ್ ಸಮೀಕ್ಷಾ ಸಂಸ್ಥೆ ಮತದಾರರ ಮುಂದೆ ಒಂದು ಪ್ರಶ್ನೆ ಇಟ್ಟಿತು. ಸರ್ಕಾರದ ಖರ್ಚು, ತೆರಿಗೆ ಇಳಿಯಲಿ ಅಂತ ಬೀದಿಗಿಳಿದ ಟೀ ಪಾರ್ಟಿ ಚಳವಳಿಯೇ ಒಂದು ಪಕ್ಷವಾಗಿ ಚುನಾವಣೆಗೆ ನಿಂತರೆ ನಿಮ್ಮ ವೋಟು ಯಾರಿಗೆ? ಡೆಮಾಕ್ರಟಿಕ್ ಪಕ್ಷಕ್ಕೆ ಶೇ 36, ಟೀ ಪಾರ್ಟಿಗೆ ಶೇ 23, ರಿಪಬ್ಲಿಕನ್ ಪಕ್ಷಕ್ಕೆ ಬರೀ ಶೇ 18. ರಿಪಬ್ಲಿಕನ್ ಪಕ್ಷದ ಕಥೆ ಮುಗಿಯಿತು ಅಂತ ಬರೆದವರು ಕಡಿಮೆಯಿಲ್ಲ.

ಮೂರೇ ತಿಂಗಳ ನಂತರ, 2010ರ ಮಾರ್ಚ್‌ನಲ್ಲಿ ಕ್ವಿನ್ನಿಪಿಯಾಕ್ ವಿಶ್ವವಿದ್ಯಾಲಯ ಹೆಚ್ಚು ಕಡಿಮೆ ಇದೇ ಪ್ರಶ್ನೆ ಕೇಳಿತು. ಡೆಮಾಕ್ರಟಿಕ್ 36, ರಿಪಬ್ಲಿಕನ್ 25, ಟೀ ಪಾರ್ಟಿ 15. ಎರಡನೆಯ, ಮೂರನೆಯ ಸ್ಥಾನ ಅದಲುಬದಲು.

ಸಮೀಕ್ಷೆಗಳ ಅಂಕಿ ಓದುವುದೇ ನನ್ನ ಕೆಲಸ. ಇಂಥ ಫಲಿತಾಂಶ ಬಂದಾಗ ನಾನು ಶೇಕಡಾವಾರು ಆಮೇಲೆ ನೋಡುತ್ತೇನೆ, ಪ್ರಶ್ನೆ ಮೊದಲು ಓದುತ್ತೇನೆ. ಇಲ್ಲಿ ಇಲ್ಲದ ಪಕ್ಷದ ಬಗ್ಗೆ ಕೇಳಿದ್ದರು. ಅಭ್ಯರ್ಥಿ ಇಲ್ಲ, ಚಿಹ್ನೆ ಇಲ್ಲ, ಗೆಲ್ಲುತ್ತಾರಾ ಸೋಲುತ್ತಾರಾ ಅನ್ನುವ ಲೆಕ್ಕವೂ ಇಲ್ಲ. ಹಾಗೆ ಕೇಳಿದರೆ ಜನ ವೋಟು ಹೇಳುವುದಿಲ್ಲ, ಸಿಟ್ಟು ಹೇಳುತ್ತಾರೆ. ಸಿಟ್ಟನ್ನು ಅಳೆಯುವುದರಲ್ಲಿ ತಪ್ಪಿಲ್ಲ. ಅದನ್ನು ಪಕ್ಷ ಒಡೆಯುವ ಮುನ್ಸೂಚನೆ ಅಂತ ಮಾರುವುದು ತಪ್ಪು.

ಸಿಟ್ಟು ಮಾತ್ರ ನಿಜವಾದದ್ದೇ. 2008ರ ಆರ್ಥಿಕ ಕುಸಿತ, ಬ್ಯಾಂಕುಗಳನ್ನು ಉಳಿಸಲು ಸುರಿದ ಸರ್ಕಾರಿ ದುಡ್ಡು, ಆಮೇಲೆ ಬಂದ ಒಬಾಮಾ ಸರ್ಕಾರದ ಖರ್ಚು. 2009ರ ಫೆಬ್ರವರಿಯಲ್ಲಿ ಟಿವಿ ವರದಿಗಾರ ರಿಕ್ ಸಾಂಟೆಲ್ಲಿ ಷಿಕಾಗೋದ ಹಣಕಾಸು ಮಾರುಕಟ್ಟೆಯ ಅಂಗಳದಿಂದ ನೇರಪ್ರಸಾರದಲ್ಲೇ ಇದರ ವಿರುದ್ಧ ಕೂಗಾಡಿದರು. ಏಪ್ರಿಲ್ 15ಕ್ಕೆ, ತೆರಿಗೆ ಲೆಕ್ಕ ಸಲ್ಲಿಸುವ ಕೊನೆಯ ದಿನ, ಊರೂರಲ್ಲಿ ಪ್ರತಿಭಟನೆ ನಡೆಯಿತು.

ಬೀದಿಗೆ ಬಂದವರು ಯಾರು? 2010ರ ಏಪ್ರಿಲ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ಮತ್ತು ಸಿಬಿಎಸ್ ಜೊತೆಯಾಗಿ ನಡೆಸಿದ ಸಮೀಕ್ಷೆಯಲ್ಲಿ ಶೇ 18 ಜನ ತಾವು ಟೀ ಪಾರ್ಟಿ ಬೆಂಬಲಿಗರು ಅಂದರು. ಅವರಲ್ಲಿ ಬಿಳಿಯರು, ಗಂಡಸರು, 45 ದಾಟಿದವರು ಜಾಸ್ತಿ. ಸರಾಸರಿ ಅಮೆರಿಕನ್ನರಿಗಿಂತ ಹೆಚ್ಚು ಓದಿದವರು, ಹೆಚ್ಚು ಅನುಕೂಲಸ್ಥರು. ಎಲ್ಲಕ್ಕಿಂತ ಮುಖ್ಯವಾಗಿ, ಹೆಚ್ಚಿನವರು ರಿಪಬ್ಲಿಕನ್ ಕಡೆಯವರೇ. ಹೊರಗಿನಿಂದ ಬಂದ ಹೊಸ ಗುಂಪಲ್ಲ. ಮಳೆ ಬರಲಿ, ಚಳಿ ಇರಲಿ, ತಪ್ಪದೆ ಮತಗಟ್ಟೆಗೆ ಹೋಗುವ ಹಳೆಯ ಮತದಾರರು ಇವರು.

ಇಂಥವರು ಹೊಸ ಪಕ್ಷ ಕಟ್ಟುವುದಿಲ್ಲ. ಕಟ್ಟಿದರೆ ಏನಾಗುತ್ತದೆ ಅನ್ನುವುದೂ ಅವರಿಗೆ ಬೇಗ ಗೊತ್ತಾಯಿತು. 2009ರ ನವೆಂಬರ್‌ನಲ್ಲಿ ನ್ಯೂಯಾರ್ಕ್ ರಾಜ್ಯದ 23ನೇ ಕ್ಷೇತ್ರದಲ್ಲಿ ಉಪಚುನಾವಣೆ. ರಿಪಬ್ಲಿಕನ್ ಮುಖಂಡರು ಡೀಡಿ ಸ್ಕೋಝಫಾವಾ ಅವರನ್ನು ನಿಲ್ಲಿಸಿದರು. ಚಳವಳಿಯವರು ಕನ್ಸರ್ವೇಟಿವ್ ಅನ್ನುವ ಸಣ್ಣ ಪಕ್ಷದ ಡಗ್ ಹಾಫ್‌ಮನ್ ಬೆನ್ನಿಗೆ ನಿಂತರು. ಮತದಾನಕ್ಕೆ ಕೆಲವೇ ದಿನ ಇರುವಾಗ ಸ್ಕೋಝಫಾವಾ ಹಿಂದೆ ಸರಿದು ಡೆಮಾಕ್ರಟಿಕ್ ಅಭ್ಯರ್ಥಿ ಬಿಲ್ ಓವೆನ್ಸ್‌ಗೆ ಬೆಂಬಲ ಕೊಟ್ಟರು. ಬಹುಕಾಲ ರಿಪಬ್ಲಿಕನ್ ಹಿಡಿತದಲ್ಲಿದ್ದ ಸೀಟು ಓವೆನ್ಸ್ ಪಾಲಾಯಿತು. ಹೆಚ್ಚು ವೋಟು ಪಡೆದವನೇ ಗೆಲ್ಲುವ ಪದ್ಧತಿಯಲ್ಲಿ ಮೂರನೆಯವನು ಹಾಳು ಮಾಡುವುದು ತನ್ನ ಹತ್ತಿರದವನನ್ನೇ.

ಹಾಗಾಗಿ ಒಡಕು ಪಕ್ಷದ ಒಳಗೇ, ಅಭ್ಯರ್ಥಿಯನ್ನು ಮತದಾರರೇ ವೋಟು ಹಾಕಿ ಆರಿಸುವ ಪ್ರೈಮರಿಯಂಥ ಕಡೆ ನಡೆಯಿತು. 2010ರಲ್ಲಿ ಯೂಟಾದ ಸೆನೆಟರ್ ಬಾಬ್ ಬೆನೆಟ್‌ಗೆ ಪಕ್ಷದ ಸಮಾವೇಶದಲ್ಲೇ ಟಿಕೆಟ್ ತಪ್ಪಿತು. ಡೆಲವೇರ್‌ನಲ್ಲಿ ಗೆಲ್ಲುವ ಕುದುರೆ ಅನ್ನಿಸಿಕೊಂಡಿದ್ದ ಮೈಕ್ ಕ್ಯಾಸಲ್, ಕ್ರಿಸ್ಟೀನ್ ಓಡಾನೆಲ್ ಎದುರು ಪ್ರೈಮರಿಯಲ್ಲಿ ಸೋತರು. ಓಡಾನೆಲ್ ನವೆಂಬರ್‌ನಲ್ಲಿ ಸೋತರು. ಆದರೂ ಆ ವರ್ಷ ಪಕ್ಷ ಕೆಳಮನೆಯಲ್ಲಿ 63 ಸೀಟು ಹೆಚ್ಚಿಸಿಕೊಂಡಿತು. ಮತಗಟ್ಟೆ ಸಮೀಕ್ಷೆಯಲ್ಲಿ ಹತ್ತರಲ್ಲಿ ನಾಲ್ವರು ಟೀ ಪಾರ್ಟಿ ಪರ ಅಂದರು. ಲಾಭವೋ ನಷ್ಟವೋ ಅಂತ ಒಂದೇ ಮಾತಲ್ಲಿ ಹೇಳಲು ಆಗುವುದಿಲ್ಲ, ಅಲ್ವಾ?

ನನ್ನ ಪ್ರಕಾರ ನಿಜವಾಗಿ ಒಡಕು ತೋರಿಸಿದ ಅಂಕಿ ಬಂದದ್ದು 2013ರ ಅಕ್ಟೋಬರ್‌ನಲ್ಲಿ. ಟೀ ಪಾರ್ಟಿ ಕಡೆಯವರು ಎಬ್ಬಿಸಿದ ಆರೋಗ್ಯ ವಿಮೆ ಕಾನೂನಿನ ಜಗಳಕ್ಕೆ ಸರ್ಕಾರದ ಕಚೇರಿಗಳು 16 ದಿನ ಮುಚ್ಚಿದ್ದವು. ಪ್ಯೂ ಸಂಸ್ಥೆಯ ಸಮೀಕ್ಷೆಯಲ್ಲಿ ಶೇ 49 ಜನರಿಗೆ ಟೀ ಪಾರ್ಟಿ ಬಗ್ಗೆ ಬೇಸರ, ಶೇ 30 ಜನರಿಗೆ ಮೆಚ್ಚುಗೆ. ಪತ್ರಿಕೆಗಳಿಗೆ ಇಷ್ಟೇ ಸಾಕಾಯಿತು. ಒಳಗಿನ ಸಾಲು ಇನ್ನೂ ಚುರುಕಾಗಿತ್ತು. ಮಧ್ಯಮ ಮತ್ತು ಉದಾರ ನಿಲುವಿನ ರಿಪಬ್ಲಿಕನ್ನರಲ್ಲಿ ಜೂನ್‌ನಲ್ಲಿ ಶೇ 46 ಇದ್ದ ಮೆಚ್ಚುಗೆ ಶೇ 27ಕ್ಕೆ ಇಳಿದಿತ್ತು.

ಇಷ್ಟು ಇಳಿದ ಮೇಲೆ ಚಳವಳಿಯ ಬಲವೂ ಕುಗ್ಗಬೇಕಲ್ಲ? ಕುಗ್ಗಲಿಲ್ಲ. ಬೇಸರಪಟ್ಟವರಲ್ಲಿ ಬಹಳಷ್ಟು ಜನ ರಿಪಬ್ಲಿಕನ್ ಪ್ರೈಮರಿಯ ಹತ್ತಿರವೂ ಹೋಗುವವರಲ್ಲ. 2014ರ ಜೂನ್‌ನಲ್ಲಿ ವರ್ಜೀನಿಯಾದಲ್ಲಿ, ಕೆಳಮನೆಯ ಬಹುಮತ ಪಕ್ಷದ ನಾಯಕ ಎರಿಕ್ ಕ್ಯಾಂಟರ್, ಹೆಸರೇ ಕೇಳಿರದ ಅರ್ಥಶಾಸ್ತ್ರದ ಮೇಷ್ಟ್ರು ಡೇವ್ ಬ್ರಾಟ್ ಎದುರು ಪ್ರೈಮರಿಯಲ್ಲಿ ಸೋತರು. ಕ್ಯಾಂಟರ್ ಕಡೆಯವರೇ ಮಾಡಿಸಿದ್ದ ಸಮೀಕ್ಷೆ ಅವರಿಗೆ 34 ಪಾಯಿಂಟ್ ಮುನ್ನಡೆ ಕೊಟ್ಟಿತ್ತು! ವೋಟು ಹಾಕಿದವರು ಸುಮಾರು 65 ಸಾವಿರ. ಅಷ್ಟು ಸಣ್ಣ ಕಣದಲ್ಲಿ ಯಾರು ಬಂದೇ ಬರುತ್ತಾರೆ ಅನ್ನುವ ಅಂದಾಜು ತಪ್ಪಿದರೆ ಉಳಿದ ಲೆಕ್ಕವೆಲ್ಲ ಸುಮ್ನೆ.

2015ರ ಅಕ್ಟೋಬರ್‌ನಲ್ಲಿ ಗ್ಯಾಲಪ್ ಕೇಳಿದಾಗ ಟೀ ಪಾರ್ಟಿ ಬೆಂಬಲ ಶೇ 17ಕ್ಕೆ ಇಳಿದಿತ್ತು. ಅದರ ಹಿಂದಿನ ತಿಂಗಳೇ ಕೆಳಮನೆಯ ರಿಪಬ್ಲಿಕನ್ ಸ್ಪೀಕರ್ ಜಾನ್ ಬೇನರ್ ರಾಜೀನಾಮೆ ಘೋಷಿಸಿದ್ದರು. ಕೆಳಮನೆಗೆ ಗೆದ್ದು ಬಂದಿದ್ದ ರಿಪಬ್ಲಿಕನ್ನರು 247. ಚಳವಳಿಯ ಬೆನ್ನೇರಿ ಬಂದ ಫ್ರೀಡಂ ಕಾಕಸ್ ಅನ್ನುವ ಒಳಗುಂಪಿನ ಸದಸ್ಯರು ಸುಮಾರು 40. ಬಹುಮತಕ್ಕೆ ಬೇಕಿದ್ದದ್ದು 218. ಆ 40 ಕಳೆದು ನೋಡಿ. ಬೇನರ್ ಕೂಡ ಅದನ್ನೇ ನೋಡಿದ್ದರು, ಗ್ಯಾಲಪ್ ಅಂಕಿಯನ್ನಲ್ಲ.