ಅಪ್‌ಸ್ಟ್ರೀಮ್: ಸಾಫ್ಟ್‌ವೇರಿನ ನದಿಮೂಲ

ನದಿಮೂಲ, ಋಷಿಮೂಲ ಹುಡುಕಬಾರದು ಎಂಬ ಮಾತಿದೆ. ಕೋಡನ್ನು ಎಲ್ಲರಿಗೂ ತೆರೆದಿಟ್ಟ ಓಪನ್ ಸೋರ್ಸ್ ಸಾಫ್ಟ್‌ವೇರ್ ಬಳಸುವವರು ಮಾತ್ರ ನದಿಮೂಲ ಹುಡುಕಲೇಬೇಕು. ಆ ಮೂಲಕ್ಕೆ ಅವರಲ್ಲಿ ಒಂದು ಹೆಸರೂ ಇದೆ: ಅಪ್‌ಸ್ಟ್ರೀಮ್.

ಲಿನಕ್ಸ್ ಎಂಬ ಓಪನ್ ಸೋರ್ಸ್ ಆಪರೇಟಿಂಗ್ ಸಿಸ್ಟಮ್ ಬಳಸುತ್ತಾ ಒಂದೆರಡು ಬಗ್ (ದೋಷ) ವರದಿ ಹಾಕಿದವರಿಗೆ ಈ ಪದ ಎದುರಾಗಿಯೇ ಇರುತ್ತದೆ. ‘ಇದು ಅಪ್‌ಸ್ಟ್ರೀಮ್ ಸಮಸ್ಯೆ, ಅಲ್ಲಿಗೆ ತಿಳಿಸಿ’ ಎಂದು ಒಂದು ಸಾಲು ಬರೆದು ವರದಿಯನ್ನು ಮುಚ್ಚಿಬಿಡುತ್ತಾರೆ. ಮೊದಲ ಸಲ ನನಗೆ ಹಾಗಾದಾಗ ತುಂಬಾ ಬೇಜಾರಾಗಿತ್ತು. ಅಲ್ಲಿಗೆ ಅಂದರೆ ಎಲ್ಲಿಗೆ? ಹುಡುಕಿಕೊಂಡು ಹೋಗಿ ಅಲ್ಲೂ ಬರೆದೆ. ‘ಇದನ್ನು ಎರಡು ವರ್ಷದ ಹಿಂದೆಯೇ ಸರಿಮಾಡಿದ್ದೇವೆ, ನಿಮ್ಮ ಆವೃತ್ತಿ ಹಳೆಯದು’ ಎಂಬ ಉತ್ತರ ಬಂತು. ಇಬ್ಬರೂ ಹೇಳಿದ್ದು ಸರಿಯಾಗಿಯೇ ಇತ್ತು. ನಾನು ಹೊಳೆಯ ಯಾವ ದಡದಲ್ಲಿ ನಿಂತಿದ್ದೇನೆ ಎನ್ನುವುದು ನನಗೇ ಗೊತ್ತಿರಲಿಲ್ಲ.

ಹೊಳೆಯಲ್ಲಿ ನೀವು ನಿಂತ ಜಾಗಕ್ಕೆ ನೀರು ಯಾವ ಕಡೆಯಿಂದ ಬರುತ್ತದೋ ಅದು ಅಪ್‌ಸ್ಟ್ರೀಮ್. ಯಾವ ಕಡೆಗೆ ಹರಿದು ಹೋಗುತ್ತದೋ ಅದು ಡೌನ್‌ಸ್ಟ್ರೀಮ್. ಇಲ್ಲಿ ನೀರು ಅಂದರೆ ಕೋಡ್. ಲಿಬ್ರೆಆಫೀಸ್ ಎಂಬ ಕಚೇರಿ ಸಾಫ್ಟ್‌ವೇರ್ ಬರೆಯುವ ತಂಡ ಒಂದು ಕಡೆ ಇದೆ. ಆ ಕೋಡನ್ನು ತೆಗೆದುಕೊಂಡು, ತನ್ನ ಉಳಿದ ಸಾವಿರಾರು ಪ್ಯಾಕೇಜುಗಳ (ಇನ್‌ಸ್ಟಾಲ್ ಮಾಡಲು ಸಿದ್ಧವಾದ ಪ್ರೋಗ್ರಾಂ ಕಟ್ಟುಗಳ) ಜೊತೆ ಹೊಂದಿಸಿ, ಕಟ್ಟಿ, ನಮಗೆ ಕೊಡುವ ಡೆಬಿಯನ್ ಇನ್ನೊಂದು ಕಡೆ ಇದೆ. ಹೀಗೆ ಕಟ್ಟಿಕೊಡುವ ಲಿನಕ್ಸಿಗೆ ಡಿಸ್ಟ್ರೋ ಎನ್ನುತ್ತಾರೆ. ಡೆಬಿಯನ್‌ಗೆ ಲಿಬ್ರೆಆಫೀಸ್ ತಂಡ ಅಪ್‌ಸ್ಟ್ರೀಮ್.

ಆದರೆ ಅಪ್‌ಸ್ಟ್ರೀಮ್ ಅನ್ನುವುದು ಯಾರ ಕಾಯಂ ಹೆಸರೂ ಅಲ್ಲ. ಮೇಲ್ಗಡೆ, ಕೆಳಗಡೆ ಎನ್ನುವುದೆಲ್ಲ ನಿಂತ ಜಾಗದ ಮೇಲೆ ಹೋಗುತ್ತದೆ, ಅಲ್ವಾ? ಉಬುಂಟು ಎಂಬ ಇನ್ನೊಂದು ಡಿಸ್ಟ್ರೋ 2004ರಲ್ಲಿ ಹುಟ್ಟಿದ್ದು ಡೆಬಿಯನ್‌ನಿಂದ. ಹಾಗಾಗಿ ಉಬುಂಟುಗೆ ಡೆಬಿಯನ್ ಅಪ್‌ಸ್ಟ್ರೀಮ್. ಲಿನಕ್ಸ್ ಮಿಂಟ್ ಉಬುಂಟುವಿನ ಮೇಲೆ ಕಟ್ಟಿದ್ದು, ಅದಕ್ಕೆ ಉಬುಂಟು ಅಪ್‌ಸ್ಟ್ರೀಮ್. ಮಿಂಟ್ ಬಳಸುವವರ ತನಕ ಒಂದು ಪ್ರೋಗ್ರಾಂ ಬರುವಷ್ಟರಲ್ಲಿ ಮೂರು ನಾಲ್ಕು ಕೈ ದಾಟಿರುತ್ತದೆ.

ಈ ಸ್ಥಾನ ಬದಲಾದರೆ ಎಷ್ಟು ದೊಡ್ಡ ಗಲಾಟೆ ಆಗುತ್ತದೆ ಎಂದು ಸೆಂಟ್‌ಒಎಸ್ ಎಂಬ ಡಿಸ್ಟ್ರೋ ತೋರಿಸಿತು. ಸೆಂಟ್‌ಒಎಸ್ ಲಿನಕ್ಸ್ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸಿನ ಕೆಳಗಡೆ ಇತ್ತು. ರೆಡ್ ಹ್ಯಾಟ್ ಕಂಪನಿಯಲ್ಲಿ ಹಣ ಕೊಟ್ಟು ಪಡೆಯುವುದನ್ನೇ ಮತ್ತೆ ಕಟ್ಟಿ ಉಚಿತವಾಗಿ ಕೊಡುತ್ತಿತ್ತು. ಸರ್ವರ್ ನಡೆಸುವವರು ಅದನ್ನು ನಂಬಿದ್ದು ಅದಕ್ಕೇ. 2020ರ ಡಿಸೆಂಬರಿನಲ್ಲಿ ಒಂದು ಪ್ರಕಟಣೆ ಬಂತು. ಸೆಂಟ್‌ಒಎಸ್ ಲಿನಕ್ಸ್ 8 ಮುಂದಿನ ವರ್ಷದ ಕೊನೆಗೇ ನಿಲ್ಲುತ್ತದೆ, ಇನ್ನು ಮೇಲೆ ಸೆಂಟ್‌ಒಎಸ್ ಸ್ಟ್ರೀಮ್ ಮಾತ್ರ ಎಂದು. ಸ್ಟ್ರೀಮ್ ಇರುವುದು ರೆಡ್ ಹ್ಯಾಟ್‌ನ ಮೇಲ್ಗಡೆ. ಮುಂದಿನ ಬಿಡುಗಡೆಗೆ ಹೋಗಬೇಕಾದ ಬದಲಾವಣೆಗಳು ಮೊದಲು ಅಲ್ಲಿಗೆ ಬರುತ್ತವೆ. ಹೆಸರು ಹೆಚ್ಚುಕಡಿಮೆ ಅದೇ, ಜಾಗ ಮಾತ್ರ ಬೇರೆ. ಕೆಳಗಡೆ ಖಾಲಿಯಾದ ಆ ಜಾಗವನ್ನು ತುಂಬಲೆಂದೇ ಆಲ್ಮಾಲಿನಕ್ಸ್, ರಾಕಿ ಲಿನಕ್ಸ್‌ಗಳು ಬಂದವು.

ನಿಮ್ಮ ಕಂಪ್ಯೂಟರಿನಲ್ಲಿ ಈ ಹೊಳೆ ಹರಿದು ಬಂದ ದಾರಿಯನ್ನು ಕಣ್ಣಾರೆ ನೋಡಬಹುದು. ಪ್ಯಾಕೇಜಿನ ಆವೃತ್ತಿ ಸಂಖ್ಯೆಯಲ್ಲೇ ಅದು ಬರೆದಿರುತ್ತದೆ. ಒಂದು ಪ್ಯಾಕೇಜಿನ ಸಂಖ್ಯೆ 5.2-3ಉಬುಂಟು1 ಎಂದು ಇದೆ ಅಂದುಕೊಳ್ಳಿ. ಅಡ್ಡಗೆರೆಗೆ ಮೊದಲಿನ 5.2 ಅಪ್‌ಸ್ಟ್ರೀಮ್ ತಂಡ ಕೊಟ್ಟ ಸಂಖ್ಯೆ. ಗೆರೆ ಆದಮೇಲಿನ 3 ಡೆಬಿಯನ್‌ನವರದು, ಅದೇ 5.2ನ್ನು ಅವರು ಮೂರನೇ ಸಲ ಕಟ್ಟಿದ್ದಾರೆ. ಕೊನೆಯ ‘ಉಬುಂಟು1’ ಅಂದರೆ ಅದರ ಮೇಲೆ ಉಬುಂಟು ತಂಡ ಮಾಡಿದ ಮೊದಲ ಬದಲಾವಣೆ. ಗೆರೆಯ ನಂತರ ಸೊನ್ನೆ ಇದ್ದರೆ, ಅಂದರೆ 5.2-0ಉಬುಂಟು1 ಎಂದಿದ್ದರೆ, ಉಬುಂಟು ಈ ಸಲ ಡೆಬಿಯನ್‌ಗೆ ಕಾಯದೆ ನೇರವಾಗಿ ಮೂಲದಿಂದಲೇ ತಂದಿದೆ. ಇದು ಗೊತ್ತಾದ ದಿನ ನಾನು ಸುಮ್ನೆ ಕೂತು ಪ್ಯಾಕೇಜುಗಳ ಪಟ್ಟಿ ಓದಿದ್ದೇನೆ. ಅಷ್ಟು ಚೆಂದವಾಗಿದೆ ಈ ವ್ಯವಸ್ಥೆ.

ಡೆಬಿಯನ್‌ನ ಸ್ಥಿರ ಆವೃತ್ತಿ ಬಳಸುವವರು ‘ಡೆಬ್12ಯು3’ ಎಂಬಂಥ ಬಾಲವನ್ನೂ ನೋಡಿರಬಹುದು. ಡೆಬಿಯನ್ 12ಕ್ಕಾಗಿ ಮಾಡಿದ ಮೂರನೇ ಅಪ್‌ಡೇಟ್ ಎಂದು ಅದರ ಅರ್ಥ. ಇಲ್ಲಿ ತುಂಬಾ ಜನ ಎಡವುತ್ತಾರೆ. ಮೂಲ ತಂಡದ ಪ್ರಕಟಣೆಯಲ್ಲಿ ‘5.2ರಲ್ಲಿ ಭದ್ರತಾ ದೋಷವಿದೆ, 5.4ಕ್ಕೆ ಬನ್ನಿ’ ಎಂದು ಓದುತ್ತಾರೆ. ತಮ್ಮ ಕಂಪ್ಯೂಟರಿನಲ್ಲಿ ಇನ್ನೂ 5.2 ಇರುವುದನ್ನು ನೋಡಿ ಗಾಬರಿಯಾಗುತ್ತಾರೆ. ಡಿಸ್ಟ್ರೋದವರು ಮಾಡುವುದೇ ಬೇರೆ. ಸ್ಥಿರ ಆವೃತ್ತಿಯಲ್ಲಿ ಅವರು 5.4ನ್ನು ಇಡಿಯಾಗಿ ತರುವುದಿಲ್ಲ. 5.4ರಲ್ಲಿರುವ ಆ ಒಂದು ತಿದ್ದುಪಡಿಯನ್ನು ಮಾತ್ರ ಬಿಡಿಸಿ ತಂದು ಹಳೆಯ 5.2ಕ್ಕೆ ಕೂಡಿಸುತ್ತಾರೆ. ಇದಕ್ಕೆ ಬ್ಯಾಕ್‌ಪೋರ್ಟ್ ಎನ್ನುತ್ತಾರೆ. ಗೆರೆಗೆ ಮೊದಲಿನ ಸಂಖ್ಯೆ ಹಾಗೇ ಇರುತ್ತದೆ, ಬಾಲ ಮಾತ್ರ ಬೆಳೆಯುತ್ತದೆ. ಹಾಗಾಗಿ ಸಂಖ್ಯೆ ನೋಡಿ ಹೆದರುವ ಮೊದಲು ಟರ್ಮಿನಲ್‌ನಲ್ಲಿ (ಆದೇಶ ಬರೆಯುವ ಕಿಟಕಿಯಲ್ಲಿ) ‘ಆಪ್ಟ್ ಚೇಂಜ್‌ಲಾಗ್’ (apt changelog) ಎಂದು ಬರೆದು ಪ್ಯಾಕೇಜಿನ ಹೆಸರು ಕೊಡಿ. ಯಾವ ದೋಷಕ್ಕೆ ಯಾವತ್ತು ಮದ್ದು ಹಾಕಿದ್ದಾರೆ ಎಂದು ಸಿವಿಇ ಸಂಖ್ಯೆ (ಪ್ರತಿ ಭದ್ರತಾ ದೋಷಕ್ಕೆ ಕೊಡುವ ಗುರುತಿನ ಸಂಖ್ಯೆ) ಸಮೇತ ಸಿಗುತ್ತದೆ. ಡೆಬಿಯನ್ ಸೆಕ್ಯುರಿಟಿ ಟ್ರ್ಯಾಕರ್‌ನಲ್ಲೂ ಸಿವಿಇ ಸಂಖ್ಯೆ ಕೊಟ್ಟು ಇದನ್ನೇ ಹುಡುಕಬಹುದು. ಹೆದರಿಕೊಂಡು ಎಲ್ಲಿಂದಲೋ ಹೊಸ ಆವೃತ್ತಿ ತಂದು ಸೇರಿಸಿದರೆ ಮುಂದೆ ಡಿಸ್ಟ್ರೋದ ಭದ್ರತಾ ಅಪ್‌ಡೇಟ್ ಆ ಪ್ಯಾಕೇಜಿಗೆ ಬಾರದೇ ಹೋಗಬಹುದು. ಅದು ಜಾಸ್ತಿ ಅಪಾಯ.

ಈಗ ಬಗ್ ವರದಿಯ ವಿಷಯಕ್ಕೆ ಬರೋಣ. ತೊಂದರೆ ಯಾರ ಕಡೆಯದು ಎಂದು ತಿಳಿಯಲು ನಾನು ಮಾಡುವುದು ಒಂದೇ ಕೆಲಸ. ಮೂಲ ತಂಡ ತಾನೇ ಕಟ್ಟಿ ಕೊಡುವ ಹೊಸ ಆವೃತ್ತಿಯನ್ನು ಒಮ್ಮೆ ಓಡಿಸಿ ನೋಡುತ್ತೇನೆ. ಎಷ್ಟೋ ತಂಡಗಳು ಇಡೀ ಆಪ್ ಒಂದೇ ಫೈಲಿನಲ್ಲಿರುವ ಆಪ್‌ಇಮೇಜ್ ಕೊಡುತ್ತವೆ. ಅದನ್ನು ಇನ್‌ಸ್ಟಾಲ್ ಮಾಡುವ ಗೋಜಿಲ್ಲ, ಓಡಿಸಿ ನೋಡಿ ಅಳಿಸಿದರೆ ಆಯಿತು. ಫ್ಲ್ಯಾಟ್‌ಪ್ಯಾಕ್ ಎಂಬ ರೂಪದ ಆಪ್‌ಗಳು ಸಿಗುವ ಫ್ಲ್ಯಾಟ್‌ಹಬ್‌ನಲ್ಲಿ ಆದರೆ ಆ ಆಪ್‌ ಮೂಲ ತಂಡದ್ದೇ ಎಂದು ಪರಿಶೀಲಿಸಿದ ಗುರುತು ಇದೆಯೇ ನೋಡಿಕೊಳ್ಳಿ. ತೊಂದರೆ ಅಲ್ಲೂ ಇದ್ದರೆ ವರದಿ ಅಪ್‌ಸ್ಟ್ರೀಮ್‌ಗೆ. ಅಲ್ಲಿ ಇಲ್ಲ, ನನ್ನ ಡಿಸ್ಟ್ರೋದ ಪ್ಯಾಕೇಜಿನಲ್ಲಿ ಮಾತ್ರ ಇದೆ ಎಂದಾದರೆ ವರದಿ ಡಿಸ್ಟ್ರೋಗೆ. ಇನ್‌ಸ್ಟಾಲ್ ಆಗುತ್ತಿಲ್ಲ, ಬೇಕಾದ ಲೈಬ್ರರಿ (ಹಲವು ಪ್ರೋಗ್ರಾಂಗಳು ಹಂಚಿಕೊಳ್ಳುವ ಕೋಡು) ಸಿಗುತ್ತಿಲ್ಲ, ಮೆನುವಿನಲ್ಲಿ ಐಕಾನ್ ಇಲ್ಲ ಎನ್ನುವಂಥವು ಹೆಚ್ಚಾಗಿ ಡಿಸ್ಟ್ರೋದವರ ಕೆಲಸ. ಮೂಲ ತಂಡ ಎಲ್ಲಿದೆ ಎಂದು ಗೊತ್ತಿಲ್ಲದಿದ್ದರೆ ‘ಆಪ್ಟ್ ಶೋ’ (apt show) ಜೊತೆ ಪ್ಯಾಕೇಜಿನ ಹೆಸರು ಕೊಟ್ಟಾಗ ಬರುವ ವಿವರದಲ್ಲಿ ಹೋಮ್‌ಪೇಜ್ ಎಂಬ ಸಾಲು ಹುಡುಕಿ.

ವರದಿ ತಪ್ಪು ಬಾಗಿಲಿಗೆ ಹೋದರೆ ಅಲ್ಲಿರುವವರಿಗೂ ಕಷ್ಟ. 2025ರ ಫೆಬ್ರವರಿಯಲ್ಲಿ ವಿಡಿಯೊ ರೆಕಾರ್ಡಿಂಗ್ ಸಾಫ್ಟ್‌ವೇರ್ ಓಬಿಎಸ್ ಸ್ಟುಡಿಯೋ ತಂಡಕ್ಕೂ ಫೆಡೋರಾ ಎಂಬ ಡಿಸ್ಟ್ರೋಗೂ ಇದೇ ಕಾರಣಕ್ಕೆ ಜಟಾಪಟಿ ನಡೆಯಿತು. ಫೆಡೋರಾ ತಾನೇ ಕಟ್ಟಿದ ಓಬಿಎಸ್ ಫ್ಲ್ಯಾಟ್‌ಪ್ಯಾಕ್ ಸರಿಯಾಗಿ ಓಡುತ್ತಿರಲಿಲ್ಲ. ಬಳಕೆದಾರರು ಅದನ್ನೇ ಅಧಿಕೃತ ಎಂದುಕೊಂಡು ದೂರನ್ನು ಓಬಿಎಸ್ ತಂಡಕ್ಕೆ ಒಯ್ಯುತ್ತಿದ್ದರು. ಮಾತು ಕಾನೂನಿನ ಎಚ್ಚರಿಕೆಯ ತನಕ ಹೋಗಿ, ಕೊನೆಗೆ ಎರಡೂ ಕಡೆಯವರು ಮಾತಾಡಿ ಬಗೆಹರಿಸಿಕೊಂಡರು. ನನಗೆ ಇದರಲ್ಲಿ ಓಬಿಎಸ್ ತಂಡದ ಸಂಕಟವೇ ಹೆಚ್ಚು ಅರ್ಥವಾಗುತ್ತದೆ. ತಾನು ಕಟ್ಟದ ಪ್ಯಾಕೇಜಿಗೆ ತನ್ನ ಹೆಸರಿನಲ್ಲಿ ಬೈಗುಳ ತಿನ್ನುವುದು ಯಾರಿಗೆ ತಾನೇ ಹಿತ?

ಸರಿಯಾದ ಬಾಗಿಲಿಗೆ ಹೋದ ತಿದ್ದುಪಡಿಯ ಕಥೆಯೇ ಬೇರೆ. ಪರದೆಯ ಮೇಲೆ ಒತ್ತಕ್ಷರ ಸರಿಯಾಗಿ ಕೂರುತ್ತಿಲ್ಲ ಅನ್ನಿ. ಅಕ್ಷರಗಳನ್ನು ಜೋಡಿಸುವ ಕೆಲಸ ಮಾಡುವುದು ಹಾರ್ಫ್‌ಬಜ್ ಎಂಬ ಲೈಬ್ರರಿ. ಫೈರ್‌ಫಾಕ್ಸ್, ಕ್ರೋಮ್, ಲಿಬ್ರೆಆಫೀಸ್, ಆಂಡ್ರಾಯ್ಡ್ ಎಲ್ಲವೂ ಅದನ್ನೇ ಬಳಸುತ್ತವೆ. ದೋಷ ಹಾರ್ಫ್‌ಬಜ್‌ನದ್ದೇ ಆಗಿದ್ದರೆ, ಅಲ್ಲಿ ಒಂದು ಕಡೆ ಸರಿಮಾಡಿದರೆ ಸಾಕು. ಫೋನಿನಿಂದ ಹಿಡಿದು ಡೆಸ್ಕ್‌ಟಾಪಿನ ತನಕ ಅದು ತಾನಾಗಿ ಹರಿದು ಬರುತ್ತದೆ. ಅದೇ ತೊಂದರೆಯನ್ನು ಪ್ರತಿ ಪ್ರೋಗ್ರಾಂನಲ್ಲೂ ಬೇರೆ ಬೇರೆಯಾಗಿ ತೇಪೆ ಹಾಕಿ ಸರಿಮಾಡುವುದಕ್ಕೆ ಕೊನೆಯೇ ಇರುವುದಿಲ್ಲ. ‘ಅಪ್‌ಸ್ಟ್ರೀಮ್ ಫಸ್ಟ್’ (ಮೊದಲು ಮೂಲದಲ್ಲೇ ಸರಿಮಾಡಿ) ಎಂಬ ನಿಯಮ ಹುಟ್ಟಿದ್ದು ಹೀಗೆ. ಲಿನಕ್ಸಿನ ತಿರುಳಾದ ಕರ್ನಲ್‌ನಲ್ಲಿ ಇದು ಗಟ್ಟಿ ನಿಯಮ. ಲಿನಕ್ಸ್ ಹುಟ್ಟುಹಾಕಿದ ಲೈನಸ್ ಟೊರ್ವಾಲ್ಡ್ಸ್ ಅವರ ಮುಖ್ಯ ಮರದಲ್ಲಿ (ಮೂಲ ಕೋಡಿನ ಸಂಗ್ರಹದಲ್ಲಿ) ಸೇರದ ತಿದ್ದುಪಡಿಯನ್ನು ಸ್ಟೇಬಲ್ ಕರ್ನಲ್‌ಗಳಿಗೆ ಸಾಮಾನ್ಯವಾಗಿ ಸೇರಿಸಿಕೊಳ್ಳುವುದಿಲ್ಲ.

ಕೆಳಗಡೆಯೇ ತೇಪೆ ಹಾಕಿಕೊಂಡರೆ ಏನಾಗಬಹುದು ಎನ್ನುವುದಕ್ಕೆ ಡೆಬಿಯನ್‌ನ ಓಪನ್‌ಎಸ್‌ಎಸ್‌ಎಲ್ ಪ್ರಕರಣವನ್ನು ಎಲ್ಲರೂ ಓದಬೇಕು. ಓಪನ್‌ಎಸ್‌ಎಸ್‌ಎಲ್ ಅಂದರೆ ಮಾಹಿತಿಯನ್ನು ಗುಟ್ಟಾಗಿಡುವ ಕೀಲಿಗಳನ್ನು ತಯಾರಿಸುವ ಲೈಬ್ರರಿ. 2006ರಲ್ಲಿ ಅದರ ಪ್ಯಾಕೇಜ್ ನೋಡಿಕೊಳ್ಳುತ್ತಿದ್ದವರು, ವ್ಯಾಲ್‌ಗ್ರೈಂಡ್ ಎಂಬ ಪರೀಕ್ಷಾ ಸಾಧನ ಎಚ್ಚರಿಕೆ ಕೊಡುತ್ತದೆ ಎಂದು ಕೋಡಿನ ಎರಡು ಸಾಲು ತೆಗೆದರು. ಕೇಳದೇ ಮಾಡಿದ್ದಲ್ಲ. ಓಪನ್‌ಎಸ್‌ಎಸ್‌ಎಲ್ ಮೇಲಿಂಗ್ ಲಿಸ್ಟ್‌ನಲ್ಲಿ ಕೇಳಿದ್ದರು, ದೊಡ್ಡ ಅಡ್ಡಿಯೂ ಬರಲಿಲ್ಲ. ಆದರೆ ಆ ಬದಲಾವಣೆ ಅಪ್‌ಸ್ಟ್ರೀಮ್ ಕೋಡಿಗೆ ಹೋಗಲಿಲ್ಲ. ಹೋಗಿದ್ದರೆ ಅಲ್ಲಿನವರು ಕೂತು ನೋಡುತ್ತಿದ್ದರೋ ಏನೋ. ಆ ಸಾಲುಗಳ ಜೊತೆ, ಗುಟ್ಟಿನ ಕೀಲಿ ತಯಾರಿಸಲು ಬೇಕಾದ ಯಾದೃಚ್ಛಿಕತೆ (ಮೊದಲೇ ಊಹಿಸಲಾಗದ ಗುಣ) ಹೆಚ್ಚುಕಡಿಮೆ ಪೂರ್ತಿ ಹೋಯಿತು. ಉಳಿದದ್ದು, ಓಡುವ ಪ್ರೋಗ್ರಾಂಗೆ ಕಂಪ್ಯೂಟರ್ ಕೊಡುವ ಪ್ರೋಸೆಸ್ ಸಂಖ್ಯೆ ಒಂದೇ. ಅಂದರೆ ಒಂದು ಬಗೆಯ ಕೀಲಿಗೆ ಸುಮಾರು 32,768 ಸಾಧ್ಯತೆಗಳು ಮಾತ್ರ. ಅಷ್ಟನ್ನು ಒಂದೊಂದಾಗಿ ಹಾಕಿ ನೋಡಿ ಬೀಗ ತೆಗೆಯಬಹುದು. 2008ರ ಮೇ ತಿಂಗಳಿನಲ್ಲಿ ಇದು ಬಯಲಾಗುವ ತನಕ ಸುಮಾರು ಎರಡು ವರ್ಷ ಹೀಗೇ ನಡೆದಿತ್ತು. ಉಬುಂಟು ಡೆಬಿಯನ್‌ನ ಕೆಳಗಡೆ ಇದ್ದುದರಿಂದ ಅಲ್ಲಿಗೂ ಹರಿದಿತ್ತು. ಅಪ್‌ಡೇಟ್ ಮಾಡಿದರೆ ಮುಗಿಯಿತು ಎನ್ನುವಂತಿರಲಿಲ್ಲ, ಆ ಅವಧಿಯಲ್ಲಿ ಮಾಡಿದ ಕೀಲಿಗಳನ್ನೆಲ್ಲ ಬಿಸಾಕಿ ಹೊಸದಾಗಿ ಮಾಡಿಕೊಳ್ಳಬೇಕಾಯಿತು.

ಹಾಗಂತ ಮೂಲ ಯಾವಾಗಲೂ ಶುದ್ಧ ಎಂದೂ ಅಲ್ಲ. 2024ರ ಮಾರ್ಚ್ 29ರಂದು ಪೋಸ್ಟ್‌ಗ್ರೆಸ್‌ಕ್ಯೂಎಲ್ ಡೇಟಾಬೇಸಿನ ಡೆವಲಪರ್ ಆಂಡ್ರೆಸ್ ಫ್ರಾಯಿಂಡ್ ಒಂದು ಆಘಾತದ ಸುದ್ದಿ ಕೊಟ್ಟರು. ದೂರದ ಕಂಪ್ಯೂಟರಿಗೆ ಪ್ರವೇಶಿಸುವ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡಿನಷ್ಟು ತಡವಾಗುತ್ತಿದೆ ಎಂದು ಅವರಿಗೆ ಅನುಮಾನ ಬಂದಿತ್ತು. ಬೆನ್ನು ಹತ್ತಿ ಹೋದಾಗ ಸಿಕ್ಕಿದ್ದು ಎಕ್ಸ್‌ಜೆಡ್ ಎಂಬ ಫೈಲ್ ಕುಗ್ಗಿಸುವ ಸಾಧನದಲ್ಲಿ ಅಡಗಿಸಿಟ್ಟ ಕಳ್ಳಬಾಗಿಲು. 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಅದನ್ನು ಸೇರಿಸಿದ್ದು ಹೊರಗಿನಿಂದ ನುಗ್ಗಿದವರಲ್ಲ. ಎರಡು ವರ್ಷಕ್ಕೂ ಹೆಚ್ಚು ಕಾಲ ಪ್ರಾಮಾಣಿಕವಾಗಿ ಕೆಲಸ ಮಾಡಿದಂತೆ ತೋರಿಸಿ, ನಂಬಿಕೆ ಗಳಿಸಿ, ಬಿಡುಗಡೆ ಮಾಡುವ ಹಕ್ಕನ್ನೇ ಪಡೆದ, ‘ಜಿಯಾ ಟಾನ್’ ಎಂಬ ಹೆಸರು ಹಾಕಿಕೊಂಡವರು. ವಿಷ ಬಿದ್ದದ್ದು ನದಿಮೂಲದಲ್ಲೇ. ಅದರ ಮುಖ್ಯ ಕೊಂಡಿ ಕೋಡಿನ ಬದಲಾವಣೆಗಳ ದಾಖಲೆ ಇಡುವ ಗಿಟ್‌ನಲ್ಲಿ ಎಲ್ಲರಿಗೂ ಕಾಣುವ ಕೋಡಿನಲ್ಲಿ ಇರಲಿಲ್ಲ, ಬಿಡುಗಡೆಯ ಟಾರ್‌ಬಾಲ್‌ನಲ್ಲಿ (ಒಟ್ಟಾಗಿ ಕಟ್ಟಿ ಹಂಚುವ ಫೈಲಿನಲ್ಲಿ) ಮಾತ್ರ ಇತ್ತು.

ಇಲ್ಲಿ ಹೊಳೆ ನಿಧಾನವಾಗಿ ಹರಿಯುವುದೇ ಹಲವರನ್ನು ಕಾಪಾಡಿತು. ಡೆಬಿಯನ್‌ನ ಪರೀಕ್ಷಾ ಆವೃತ್ತಿಗಳಿಗೆ ಅದು ತಲುಪಿತ್ತು, ಸ್ಥಿರ ಆವೃತ್ತಿಗೆ ಬಂದಿರಲಿಲ್ಲ. ಇನ್ನೊಂದು ವಿಷಯ ನನ್ನನ್ನು ಇವತ್ತಿಗೂ ಕಾಡುತ್ತದೆ. ಎಸ್‌ಎಸ್‌ಎಚ್ ಸೌಲಭ್ಯ ಕೊಡುವ ಓಪನ್‌ಎಸ್‌ಎಸ್‌ಎಚ್‌ನ ಮೂಲ ಕೋಡಿಗೂ ಎಕ್ಸ್‌ಜೆಡ್‌ಗೂ ಸಂಬಂಧವೇ ಇಲ್ಲ. ಲಿನಕ್ಸಿನಲ್ಲಿ ಸೇವೆಗಳನ್ನು ಶುರುಮಾಡಿ ನೋಡಿಕೊಳ್ಳುವ ಸಿಸ್ಟಮ್‌ಡಿಗೆ ‘ನಾನು ಸಿದ್ಧ’ ಎಂದು ತಿಳಿಸುವ ಸಣ್ಣ ಅನುಕೂಲಕ್ಕಾಗಿ ಕೆಲವು ಡಿಸ್ಟ್ರೋಗಳು ಓಪನ್‌ಎಸ್‌ಎಸ್‌ಎಚ್‌ಗೆ ಒಂದು ಪ್ಯಾಚ್ (ತೇಪೆ) ಹಾಕಿದ್ದವು. ಆ ಪ್ಯಾಚ್ ಎಳೆದು ತಂದ ಲೈಬ್ರರಿಯ ಬೆನ್ನಿಗೆ ಎಕ್ಸ್‌ಜೆಡ್ ಬಂದಿತ್ತು. ಅದೇ ವರ್ಷ ಜುಲೈನಲ್ಲಿ ಬಂದ ಓಪನ್‌ಎಸ್‌ಎಸ್‌ಎಚ್ 9.8ರಲ್ಲಿ ಆ ಅನುಕೂಲವನ್ನು, ಹೊರಗಿನ ಯಾವ ಲೈಬ್ರರಿಯೂ ಬೇಡದಂತೆ, ಮೂಲ ತಂಡವೇ ಬರೆದುಕೊಟ್ಟಿತು.

ಗಿಟ್ ಕಲಿಯುವವರಿಗೆ ಈ ಪದ ಇನ್ನೊಂದು ವೇಷದಲ್ಲಿ ಸಿಗುತ್ತದೆ. ಹೊಸ ಬ್ರಾಂಚ್ (ಕೋಡಿನ ಕವಲು) ಮಾಡಿ ಸರ್ವರಿಗೆ ಕಳಿಸಲು ಪುಶ್ ಕೊಟ್ಟಾಗ ‘ಈ ಬ್ರಾಂಚಿಗೆ ಅಪ್‌ಸ್ಟ್ರೀಮ್ ಇಲ್ಲ’ ಎಂದು ಗಿಟ್ ತಕರಾರು ಮಾಡುತ್ತದೆ. ಅಲ್ಲಿ ಅದು ಕೇಳುತ್ತಿರುವುದು ಇಷ್ಟೇ: ನಿಮ್ಮ ಕಂಪ್ಯೂಟರಿನ ಈ ಬ್ರಾಂಚಿಗೆ ಸರ್ವರಿನಲ್ಲಿ ಯಾವ ಬ್ರಾಂಚ್ ಜೋಡಿ? ಬೇರೆಯವರ ಪ್ರಾಜೆಕ್ಟನ್ನು ಫೋರ್ಕ್ ಮಾಡಿದಾಗ, ಅಂದರೆ ಅದರ ಸ್ವಂತ ಪ್ರತಿ ಮಾಡಿಕೊಂಡಾಗ, ನಿಮ್ಮ ಪ್ರತಿಗೆ ‘ಆರಿಜಿನ್’ ಎಂದೂ ಮೂಲ ಪ್ರಾಜೆಕ್ಟಿಗೆ ‘ಅಪ್‌ಸ್ಟ್ರೀಮ್’ ಎಂದೂ ಹೆಸರಿಡುವುದು ವಾಡಿಕೆ. ಈ ವಾಡಿಕೆಯನ್ನು ಮೊದಲ ದಿನದಿಂದಲೇ ಪಾಲಿಸಿ. ಆಗಾಗ ಅಪ್‌ಸ್ಟ್ರೀಮ್‌ನಿಂದ ಹೊಸ ಬದಲಾವಣೆ ಎಳೆದುಕೊಂಡರೆ ನಿಮ್ಮ ತಿದ್ದುಪಡಿ ಕಳಿಸುವಾಗ ಘರ್ಷಣೆ ಕಡಿಮೆ.

ನಾನೂ ಹೀಗೆ ಒಂದು ಸಲ ಮೇಲಕ್ಕೆ ಕಳಿಸಿದ್ದೇನೆ. ಟರ್ಮಿನಲ್‌ನ ಒಂದು ಆದೇಶದ (ಕಮಾಂಡಿನ) ಕೈಪಿಡಿ ಪುಟದಲ್ಲಿ ಉದಾಹರಣೆಯೊಂದು ತಪ್ಪಾಗಿತ್ತು. ಒಂದೇ ಸಾಲಿನ ತಿದ್ದುಪಡಿ. ಮೂಲ ತಂಡದವರು ಎರಡು ದಿನದಲ್ಲಿ ಅದನ್ನು ಸೇರಿಸಿಕೊಂಡು ಧನ್ಯವಾದ ಬರೆದರು. ಅವರ ಮುಂದಿನ ಬಿಡುಗಡೆ, ಅದರಿಂದ ಡಿಸ್ಟ್ರೋದ ಪರೀಕ್ಷಾ ಆವೃತ್ತಿ, ಅಲ್ಲಿಂದ ಸ್ಥಿರ ಆವೃತ್ತಿ ಎಂದು ಅದು ನನ್ನ ಕಂಪ್ಯೂಟರಿಗೆ ಬಂದು ಸೇರಲು ಒಂದೂವರೆ ವರ್ಷ ಹಿಡಿಯಿತು. ಅಪ್‌ಗ್ರೇಡ್ ಮುಗಿದ ರಾತ್ರಿ ಆ ಪುಟ ತೆರೆದು ನೋಡಿದೆ. ನಾನು ಬರೆದ ಸಾಲು ಅಲ್ಲಿತ್ತು.