ಆಹಾರ ಸರಪಳಿ: ಬಾಣ ಯಾವ ಕಡೆಗೆ?

ಯಾವುದನ್ನು ಯಾವುದು ತಿನ್ನುತ್ತದೆ ಅಂತ ಸಾಲಾಗಿ ತೋರಿಸುವ ಆಹಾರ ಸರಪಳಿ ಬರೆಯುವಾಗ ನಾನು ಅಂಕ ಕಳೆದುಕೊಳ್ಳುತ್ತಿದ್ದದ್ದು ಬಾಣದಲ್ಲಿ. ಕಪ್ಪೆ ತಾನೇ ಮಿಡತೆಯನ್ನು ಹಿಡಿಯೋದು, ಹಾಗಾಗಿ ಕಪ್ಪೆಯಿಂದ ಮಿಡತೆಗೆ ಬಾಣ ಹಾಕಿಬಿಡುತ್ತಿದ್ದೆ. ಅದು ತಪ್ಪು. ಶಕ್ತಿ ಯಾರ ಹೊಟ್ಟೆಗೆ ಹೋಯಿತೋ ಆ ಕಡೆಗೆ ಬಾಣದ ತುದಿ ಇರಬೇಕು.

ಭತ್ತದ ಗದ್ದೆಯನ್ನೇ ತಗೊಳ್ಳಿ: ಭತ್ತ → ಮಿಡತೆ → ಕಪ್ಪೆ → ಕೇರೆಹಾವು → ಹದ್ದು. ಭತ್ತ ಬಿಸಿಲಿನಿಂದ ತನ್ನ ಆಹಾರ ತಾನೇ ಮಾಡಿಕೊಳ್ಳುತ್ತದೆ, ಅದು ಉತ್ಪಾದಕ. ಅದನ್ನು ನೇರವಾಗಿ ತಿನ್ನುವ ಮಿಡತೆ ಪ್ರಾಥಮಿಕ (ಮೊದಲ ಹಂತದ) ಭಕ್ಷಕ, ಮಿಡತೆ ತಿನ್ನುವ ಕಪ್ಪೆ ದ್ವಿತೀಯ, ಕಪ್ಪೆ ತಿನ್ನುವ ಕೇರೆ ತೃತೀಯ.

ಇದನ್ನು ಸುಮ್ನೆ ಬಾಯಿಪಾಠ ಮಾಡಿದರೆ ಸಿಕ್ಕಿಬೀಳುತ್ತೀರಿ. ಅದೇ ಕೇರೆ ಭತ್ತ ತಿಂದ ಇಲಿಯನ್ನು ನುಂಗಿದರೆ, ಆ ಸರಪಳಿಯಲ್ಲಿ ಅದು ದ್ವಿತೀಯ ಭಕ್ಷಕ. ಕಪ್ಪೆಯದು ಇನ್ನೂ ಮಜಾ: ಗೊದಮೊಟ್ಟೆಯಾಗಿದ್ದಾಗ ಹೆಚ್ಚಾಗಿ ಪಾಚಿ ತಿನ್ನುವ ಪ್ರಾಥಮಿಕ ಭಕ್ಷಕ, ದೊಡ್ಡದಾದ ಮೇಲೆ ಹುಳ ಹಿಡಿಯುವ ಬೇಟೆಗಾರ. ಪ್ರಾಣಿಯ ಹೆಸರು ನೋಡಿ ಸ್ಥಾನ ಬರೆಯಬೇಡಿ, ಈ ಸಲ ಏನು ತಿಂದಿದೆ ಅಂತ ನೋಡಿ.

ಸರಪಳಿ ಯಾಕೆ ನಾಲ್ಕೈದು ಕೊಂಡಿಗೇ ನಿಲ್ಲುತ್ತದೆ? ತಿಂದದ್ದರಲ್ಲಿ ಬಹುಪಾಲು ಉಸಿರಾಟಕ್ಕೆ, ಓಡಾಟಕ್ಕೆ, ಶಾಖವಾಗಿ ಖರ್ಚಾಗುತ್ತದೆ, ಸ್ವಲ್ಪ ಜೀರ್ಣವಾಗದೆ ಆಚೆ ಹೋಗುತ್ತದೆ. ಮುಂದಿನ ಹಂತಕ್ಕೆ ಸಿಗೋದು ಸುಮಾರು 10% ಮಾತ್ರ. 1942ರಲ್ಲಿ ಅಮೆರಿಕದ ಪರಿಸರ ವಿಜ್ಞಾನಿ ರೇಮಂಡ್ ಲಿಂಡ್‌ಮನ್ ಬರೆದ ಪ್ರಬಂಧದಿಂದ ಬಂದ ಲೆಕ್ಕ ಇದು (ಸರಾಸರಿ ಅಷ್ಟೇ, ಎಲ್ಲ ಕಡೆ ಸರಿಯಾಗಿ ಹತ್ತೇ ಇರುವುದಿಲ್ಲ). ಭತ್ತದಲ್ಲಿ 10,000 ಜೂಲ್ ಶಕ್ತಿ ಇದ್ದರೆ ಮಿಡತೆಗೆ 1,000, ಕಪ್ಪೆಗೆ 100, ಕೇರೆಗೆ 10, ಹದ್ದಿಗೆ ಬರೀ 1. ಗದ್ದೆ ತುಂಬ ಮಿಡತೆ ಇದ್ದರೂ ಆಕಾಶದಲ್ಲಿ ಹದ್ದು ಒಂದೋ ಎರಡೋ ಕಾಣೋದು ಇದಕ್ಕೇ.

ಬ್ಯಾಕ್ಟೀರಿಯಾ, ಅಣಬೆಗಳಂಥ ವಿಘಟಕರನ್ನು ಹದ್ದಿನ ಮುಂದೆ ಕೊನೆಯ ಕೊಂಡಿಯಾಗಿ ಬರೆಯಬೇಡಿ. ಒಣಗಿದ ಹುಲ್ಲು, ಸತ್ತ ಮಿಡತೆ, ಹಾವಿನ ಪೊರೆ, ಎಲ್ಲ ಹಂತದಲ್ಲೂ ಅವುಗಳಿಗೆ ಕೆಲಸ ಇದೆ. ಅವು ಕೊಳೆಸಿದ್ದರಿಂದ ಪೋಷಕಾಂಶ ಮಣ್ಣಿಗೆ ವಾಪಸ್ ಬರುತ್ತದೆ, ಆದರೆ ಶಕ್ತಿ ವಾಪಸ್ ಬರುವುದಿಲ್ಲ. ಅದಕ್ಕೆ ಬಿಸಿಲು ದಿನಾ ಬೇಕು.

"ಕಪ್ಪೆ ಇಲ್ಲವಾದರೆ ಏನಾಗುತ್ತದೆ?" ಅನ್ನುವುದು ಪರೀಕ್ಷೆಯಲ್ಲಿ ಕೇಳುವಂಥದ್ದೇ. ಇದು ಬರೀ ಊಹೆಯೂ ಅಲ್ಲ. ಭಾರತದಿಂದ ಕಪ್ಪೆ ಕಾಲು ಹೊರದೇಶಗಳಿಗೆ ರಫ್ತಾಗುತ್ತಿತ್ತು. ಕಪ್ಪೆ ಕಮ್ಮಿಯಾಗಿ ಹುಳ ಜಾಸ್ತಿಯಾಗುತ್ತದೆ ಎಂಬ ಆತಂಕ ಎದ್ದು, 1987ರಲ್ಲಿ ಸರ್ಕಾರ ಅದನ್ನು ನಿಲ್ಲಿಸಿತು. ಉತ್ತರದಲ್ಲಿ ಮಿಡತೆ ಹೆಚ್ಚುತ್ತದೆ, ಬೆಳೆ ಹಾಳಾಗುತ್ತದೆ ಅಂತ ಬರೆಯಿರಿ, ಆದರೆ ಕೇರೆಗಳೆಲ್ಲ ಉಪವಾಸ ಸಾಯುತ್ತವೆ ಅಂತ ಮಾತ್ರ ಬರೆಯಬೇಡಿ. ಅವಕ್ಕೆ ಇಲಿ ಇದೆ ಅಲ್ವಾ? ಹೀಗೆ ಒಂದರೊಳಗೊಂದು ಹೆಣೆದುಕೊಂಡ ಸರಪಳಿಗಳಿಗೇ ಆಹಾರ ಜಾಲ ಅನ್ನೋದು.