ಕರಾವಳಿಯ ಒಗ್ಗರಣೆಯೂ ಲಾರಿಕ್ ಆಮ್ಲವೂ

ಅಂಕೋಲೆಯ ಕಡೆಯ ಗಾಣವೊಂದರಿಂದ ಎರಡು ಬಾಟಲಿ ಕೊಬ್ಬರಿ ಎಣ್ಣೆ ತಂದು, ಒಂದನ್ನು ಕಾರವಾರದ ನಮ್ಮ ಅಡುಗೆಮನೆಯಲ್ಲಿ ಇಟ್ಟುಕೊಂಡು ಇನ್ನೊಂದನ್ನು ಶಿರಸಿಯ ಅಕ್ಕನಿಗೆ ಕೊಟ್ಟು ಬರುವುದು ನನ್ನ ರೂಢಿ. ಡಿಸೆಂಬರ್ ಬಂತೆಂದರೆ ಅವೆರಡೂ ಒಂದೇ ಗಾಣದವು ಎಂದು ನಂಬುವುದು ಕಷ್ಟವಾಗುತ್ತದೆ. ಕಾರವಾರದ್ದು ಬೆಳಗಿನ ಜಾವ ತುಸು ಮಬ್ಬಾದರೂ ಬಿಸಿಲೇರುವಷ್ಟರಲ್ಲಿ ತಿಳಿಯಾಗುತ್ತದೆ. ಘಟ್ಟದ ಮೇಲಿನದು ತುಪ್ಪದಂತೆ ಬೆಳ್ಳಗೆ ಗಟ್ಟಿಯಾಗಿ ಕೂತಿರುತ್ತದೆ, ಅಕ್ಕ ಅದನ್ನು ಬಚ್ಚಲೊಲೆಯ ಕಟ್ಟೆಯ ಮೇಲಿಟ್ಟು ಕರಗಿಸಿಕೊಂಡ ಮೇಲೆಯೇ ಒಗ್ಗರಣೆ. ಬಾಟಲಿಯಲ್ಲೇ ಹೀಗೆ ಹೆಪ್ಪುಗಟ್ಟುವ ಎಣ್ಣೆ ರಕ್ತನಾಳದಲ್ಲಿ ಹೆಪ್ಪುಗಟ್ಟದೆ ಬಿಟ್ಟೀತೇ ಎಂದು ಅವಳು ಒಮ್ಮೆ ಕೇಳಿದ್ದಳು. ಕೊಬ್ಬರಿ ಎಣ್ಣೆ ಕರಗುವುದು ಸುಮಾರು 24 ಡಿಗ್ರಿ ಸೆಲ್ಸಿಯಸ್‌ನಲ್ಲಿ, ನಮ್ಮ ಮೈಯ ಬಿಸಿ 37 ಡಿಗ್ರಿ. ಅದೂ ಅಲ್ಲದೆ ಉಂಡ ಎಣ್ಣೆ ಎಣ್ಣೆಯಾಗಿಯೇ ನಾಳಗಳಲ್ಲಿ ಹರಿಯುವುದಿಲ್ಲ. ಆ ಭಯಕ್ಕೆ ಆಧಾರವಿಲ್ಲ. ಆದರೆ ಎಣ್ಣೆ ಗಟ್ಟಿಯಾಗಲು ಕಾರಣವಾದ ರಸಾಯನಕ್ಕೂ ಹೃದಯದ ಆರೋಗ್ಯಕ್ಕೂ ಬೇರೊಂದು ದಾರಿಯಿಂದ ನಂಟು ಇದೆ.

ಅಡುಗೆ ಎಣ್ಣೆಗಳೆಲ್ಲ ಬಗೆಬಗೆಯ ಕೊಬ್ಬಿನಾಮ್ಲಗಳ ಮಿಶ್ರಣ. ಕೊಬ್ಬರಿ ಎಣ್ಣೆಯಲ್ಲಿ ನೂರಕ್ಕೆ ಸುಮಾರು 90 ಪಾಲು ಸಂತೃಪ್ತ ಕೊಬ್ಬು, ಅಂದರೆ ಪೊಟ್ಟಣಗಳ ಮೇಲೆ ಸ್ಯಾಚುರೇಟೆಡ್ ಫ್ಯಾಟ್ ಎಂದು ಅಚ್ಚಾಗಿರುವ ಬಗೆ. ಬೆಣ್ಣೆಯ ಕೊಬ್ಬಿನಲ್ಲೂ ಇದರ ಪಾಲು ಇಷ್ಟಿಲ್ಲ. ಹೋಟೆಲುಗಳ ಬಾಣಲೆ ತುಂಬುವ ತಾಳೆ ಎಣ್ಣೆಯಲ್ಲಿ ಇದು ಹೆಚ್ಚುಕಡಿಮೆ ಅರ್ಧ. ಕೊಬ್ಬರಿ ಎಣ್ಣೆಯಲ್ಲಿರುವ ಸಂತೃಪ್ತ ಕೊಬ್ಬಿನಲ್ಲಿ ದೊಡ್ಡ ಪಾಲು 12 ಇಂಗಾಲದ ಸರಪಳಿಯ ಲಾರಿಕ್ ಆಮ್ಲದ್ದು. ಇಡೀ ಎಣ್ಣೆಯ ಅರ್ಧದಷ್ಟು ಅದೇ. ಈ ಸರಪಳಿಗಳು ನೆಟ್ಟಗಿರುವುದರಿಂದ ತಂಪಿನಲ್ಲಿ ಒತ್ತೊತ್ತಾಗಿ ಜೋಡಿಸಿಕೊಳ್ಳುತ್ತವೆ, ಎಣ್ಣೆ ಗಟ್ಟಿಯಾಗುತ್ತದೆ. ಶೇಂಗಾ, ಸೂರ್ಯಕಾಂತಿ ಎಣ್ಣೆಗಳ ಸರಪಳಿಗಳಿಗೆ ನಡುವೆ ಸೊಟ್ಟಗಳಿವೆ. ಶಿರಸಿಯ ಚಳಿಗೆ ಅವು ಜಗ್ಗುವುದಿಲ್ಲ.

ಲಾರಿಕ್, ಮಿರಿಸ್ಟಿಕ್, ಪಾಮಿಟಿಕ್ ಎಂಬ ಮೂರು ಸಂತೃಪ್ತ ಆಮ್ಲಗಳು ಊಟದಲ್ಲಿ ಹೆಚ್ಚಾದಾಗ, ರಕ್ತದಲ್ಲಿರುವ ಎಲ್‌ಡಿಎಲ್ ಎಂಬ ಕೊಲೆಸ್ಟರಾಲ್ ಕಣಗಳನ್ನು ಹಿಡಿದು ಒಳಗೆಳೆದುಕೊಳ್ಳುವ ಯಕೃತ್ತಿನ ಗ್ರಾಹಕಗಳ ಕೆಲಸ ಕುಗ್ಗುತ್ತದೆ. ಹಿಡಿಯುವವರು ಕಡಿಮೆಯಾದರೆ ಕಣಗಳು ರಕ್ತದಲ್ಲಿ ಹೆಚ್ಚು ಕಾಲ ಸುತ್ತುತ್ತವೆ, ನಾಳದ ಗೋಡೆಯೊಳಗೆ ಸೇರಿಕೊಳ್ಳಲು ಅವಕಾಶ ಹೆಚ್ಚುತ್ತದೆ. 2020ರಲ್ಲಿ ಸರ್ಕ್ಯುಲೇಷನ್ ಪತ್ರಿಕೆಯಲ್ಲಿ 16 ಪ್ರಯೋಗಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದು ಬಂತು. ಅದರ ಪ್ರಕಾರ, ಸೂರ್ಯಕಾಂತಿ, ಸೋಯಾ, ಆಲಿವ್‌ನಂಥ ಎಣ್ಣೆಗಳಿಗೆ ಹೋಲಿಸಿದರೆ ಕೊಬ್ಬರಿ ಎಣ್ಣೆ ತಿಂದವರ ಎಲ್‌ಡಿಎಲ್ ರಕ್ತದ ಪ್ರತಿ ಡೆಸಿಲೀಟರ್‌ಗೆ ಸರಾಸರಿ 10 ಮಿಲಿಗ್ರಾಂನಷ್ಟು ಏರಿತ್ತು. ಒಳ್ಳೆಯದೆಂದು ಹೆಸರಾದ ಎಚ್‌ಡಿಎಲ್ ಕೂಡ 4 ಮಿಲಿಗ್ರಾಂ ಏರಿತ್ತು. ಇದಕ್ಕೆ ಎದುರಾದ ಫಲಿತಾಂಶಗಳೂ ಇಲ್ಲವೆಂದಲ್ಲ. 2018ರಲ್ಲಿ ಕೇಂಬ್ರಿಜ್‌ನ ಸಂಶೋಧಕರು ದಿನಕ್ಕೆ 50 ಗ್ರಾಂನಂತೆ ನಾಲ್ಕು ವಾರ ಬೆಣ್ಣೆ, ಆಲಿವ್ ಎಣ್ಣೆ ಅಥವಾ ಶುದ್ಧೀಕರಿಸದ ಕೊಬ್ಬರಿ ಎಣ್ಣೆ ತಿನ್ನಿಸಿ ನೋಡಿದಾಗ ಎಲ್‌ಡಿಎಲ್ ಏರಿದ್ದು ಬೆಣ್ಣೆಯವರಲ್ಲಿ. ಕೊಬ್ಬರಿಯವರಿಗೂ ಆಲಿವ್‌ನವರಿಗೂ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಕೊಚ್ಚಿಯಲ್ಲಿ ಹೃದ್ರೋಗವಿದ್ದ ಸುಮಾರು 200 ಮಂದಿಯನ್ನು ಎರಡು ವರ್ಷ ಅನುಸರಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಕೊಬ್ಬರಿ ಎಣ್ಣೆಗೂ ಸೂರ್ಯಕಾಂತಿ ಎಣ್ಣೆಗೂ ಭೇದ ಕಾಣಲಿಲ್ಲ, ಆದರೆ ಅವರೆಲ್ಲ ಆಸ್ಪತ್ರೆಯ ಚಿಕಿತ್ಸೆಯಲ್ಲಿದ್ದವರು. ನಾಲ್ಕು ವಾರದ ಒಂದು ಪ್ರಯೋಗಕ್ಕಿಂತ, ಚಿಕಿತ್ಸೆಯಲ್ಲಿದ್ದ ಇನ್ನೂರು ರೋಗಿಗಳಿಗಿಂತ, ಹದಿನಾರು ಪ್ರಯೋಗಗಳ ಒಟ್ಟು ಲೆಕ್ಕವನ್ನೇ ನಾನು ಹೆಚ್ಚು ನೆಚ್ಚುತ್ತೇನೆ.

ಎಚ್‌ಡಿಎಲ್ ಕೂಡ ಏರುತ್ತದಲ್ಲ, ಅದಕ್ಕೆ ಇದು ವಜಾ ಎಂಬ ವಾದ ಕೇಳಲು ಚೆನ್ನಾಗಿದೆ. ಆದರೆ ಎಚ್‌ಡಿಎಲ್ಲನ್ನು ಬಹಳವಾಗಿ ಏರಿಸಿದ ಟಾರ್ಸೆಟ್ರಾಪಿಬ್ ಎಂಬ ಔಷಧಿಯ ದೊಡ್ಡ ಪ್ರಯೋಗವನ್ನು 2006ರಲ್ಲಿ ನಡುವೆಯೇ ನಿಲ್ಲಿಸಬೇಕಾಯಿತು, ಏಕೆಂದರೆ ಅದನ್ನು ನುಂಗಿದವರಲ್ಲಿ ಸಾವು ಹೆಚ್ಚಾಗಿತ್ತು. ಆ ಔಷಧಿಗೆ ಬೇರೆ ದೋಷಗಳೂ ಇದ್ದವು ಎನ್ನುವುದು ನಿಜ. ಆದರೂ ಎಚ್‌ಡಿಎಲ್ ಸಂಖ್ಯೆ ಏರಿದ ಮಾತ್ರಕ್ಕೆ ಹೃದಯಕ್ಕೆ ಕಾವಲು ಸಿಕ್ಕಿತೆಂಬ ನಂಬಿಕೆ ಅಲ್ಲಿಂದೀಚೆಗೆ ಸಡಿಲವಾಗಿದೆ.

ಇನ್ನೊಂದು ಮಾತು ಜಿಮ್‌ಗೆ ಹೋಗುವ ಹುಡುಗರ ಬಾಯಲ್ಲಿ ಕೇಳಿಬರುತ್ತದೆ: ಕೊಬ್ಬರಿ ಎಣ್ಣೆ ಮಧ್ಯಮ ಸರಪಳಿಯದು, ನೇರ ಯಕೃತ್ತಿಗೆ ಹೋಗಿ ಉರಿದುಹೋಗುತ್ತದೆ, ತೂಕ ಇಳಿಸುತ್ತದೆ. ಹಾಗೆ ನೇರ ಹೋಗುವುದು ಮುಖ್ಯವಾಗಿ 8 ಮತ್ತು 10 ಇಂಗಾಲದ ಆಮ್ಲಗಳು. ಕೊಬ್ಬು ಅರಗದ ರೋಗಿಗಳಿಗಾಗಿ 1950ರ ದಶಕದಲ್ಲಿ ತಯಾರಾದ ಎಂಸಿಟಿ ಎಣ್ಣೆಯಲ್ಲಿ ಇರುವುದು ಅವೇ. ಕೊಬ್ಬರಿ ಎಣ್ಣೆಯಲ್ಲಿ ಅವು ನೂರಕ್ಕೆ 15ರ ಆಸುಪಾಸು. ಲಾರಿಕ್ ಆಮ್ಲವನ್ನು ರಸಾಯನದ ಪುಸ್ತಕ ಮಧ್ಯಮ ಸರಪಳಿಯ ಪಂಕ್ತಿಯಲ್ಲಿ ಕೂರಿಸಿದರೂ, ಕರುಳು ಅದರ ಬಹುಪಾಲನ್ನು ಉದ್ದ ಸರಪಳಿಯ ಕೊಬ್ಬಿನಂತೆಯೇ ದುಗ್ಧನಾಳಗಳ (ಲಿಂಫ್ ನಾಳಗಳ) ಸುತ್ತುದಾರಿಯಲ್ಲಿ ಕಳಿಸುತ್ತದೆ. ಗ್ರಾಂಗೆ 9 ಕಿಲೊಕ್ಯಾಲರಿ ಎಂಬ ಲೆಕ್ಕದಿಂದ ಯಾವ ಅಡುಗೆ ಎಣ್ಣೆಗೂ ಹೇಳಿಕೊಳ್ಳುವಂಥ ವಿನಾಯಿತಿ ಇಲ್ಲ.

ಇಷ್ಟು ಹೇಳಿದಾಗ ಊರಿನಲ್ಲಿ ತಪ್ಪದೆ ಎದುರಾಗುವ ಪ್ರಶ್ನೆ, ಹಾಗಾದರೆ ನಮ್ಮ ಹಿರಿಯರಿಗೆ ಏನೂ ಆಗಲಿಲ್ಲವಲ್ಲ ಎಂಬುದು. ಇದನ್ನು ಹಗುರವಾಗಿ ತಳ್ಳಿಹಾಕಬಾರದು, ಏಕೆಂದರೆ ವಿಜ್ಞಾನಿಗಳೂ ಇದನ್ನೇ ಕೇಳಿಕೊಂಡಿದ್ದಾರೆ. ಪೆಸಿಫಿಕ್ ಸಾಗರದ ಟೊಕೆಲಾವ್ ಮತ್ತು ಪುಕಾಪುಕಾ ದ್ವೀಪಗಳ ಜನರ ಬಗ್ಗೆ 1981ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪುಕಾಪುಕಾದವರ ಆಹಾರಶಕ್ತಿಯ 34 ಪಾಲು, ಟೊಕೆಲಾವ್‌ನವರದು 63 ಪಾಲು ತೆಂಗಿನಿಂದಲೇ ಬರುತ್ತಿತ್ತು. ಎರಡೂ ಕಡೆ ರಕ್ತನಾಳದ ರೋಗ ವಿರಳವಾಗಿತ್ತು. ನಮ್ಮವರು ಉದ್ಧರಿಸುವುದು ಇಲ್ಲಿಯವರೆಗೆ ಮಾತ್ರ. ಹೆಚ್ಚು ತೆಂಗು ತಿನ್ನುತ್ತಿದ್ದ ಟೊಕೆಲಾವ್‌ನವರ ಕೊಲೆಸ್ಟರಾಲ್ ಪುಕಾಪುಕಾದವರಿಗಿಂತ ಹೆಚ್ಚಿತ್ತು ಎಂಬುದೂ ಅದೇ ವರದಿಯಲ್ಲಿದೆ. ಟೊಕೆಲಾವ್‌ನಿಂದ ನ್ಯೂಜಿಲೆಂಡಿಗೆ ವಲಸೆ ಹೋದವರು ಸಂತೃಪ್ತ ಕೊಬ್ಬನ್ನು ಕಡಿಮೆ ಮಾಡಿದರೂ, ಸಕ್ಕರೆ ಮತ್ತಿತರ ಪೇಟೆಯ ಆಹಾರ ಹೆಚ್ಚಿಸಿಕೊಂಡು ಹೃದ್ರೋಗದ ಅಪಾಯ ಏರಿಸಿಕೊಂಡರು. ದ್ವೀಪದವರು ತಿಂದದ್ದು ಮೀನಿನೊಡನೆ ಇಡಿಯಾದ ತೆಂಗಿನಕಾಯಿ. ಬಾಟಲಿಯಿಂದ ಬಗ್ಗಿಸಿದ ಎಣ್ಣೆ ಅವರ ಊಟದ ಆಧಾರವಾಗಿರಲಿಲ್ಲ.

ನಮ್ಮ ಊಟದಲ್ಲಿ ಕಾಯಿ ಎಷ್ಟು, ಎಣ್ಣೆ ಎಷ್ಟು ಎಂಬುದನ್ನು ನೋಡಲು ಕಳೆದ ಮಳೆಗಾಲದಲ್ಲಿ ಅಡುಗೆಮನೆಗೆ ತಕ್ಕಡಿ ತಂದೆ. ಆಯಿ ಇಂದಿಗೂ ಎಣ್ಣೆಯನ್ನು ಹಿತ್ತಾಳೆಯ ಮಿಳ್ಳೆಯಲ್ಲಿ ಇಟ್ಟುಕೊಂಡು, ಅದರ ಪುಟ್ಟ ಸೌಟಿನಿಂದ ಒಂದು ಸಲ, ತೀರಾ ಬೇಕಾದರೆ ಎರಡು ಸಲ ಬಗ್ಗಿಸುವವಳು. ನಾಲ್ವರ ಮನೆಯಲ್ಲಿ ತಿಂಗಳಿಗೆ ಒಂದು ಲೀಟರ್ ಮುಗಿಯುತ್ತದೆ. ತಲೆಗೆ ದಿನಕ್ಕೆ 8 ಗ್ರಾಂಗಿಂತ ತುಸು ಕಡಿಮೆ, ಅದರಲ್ಲಿ ಸಂತೃಪ್ತ ಕೊಬ್ಬು ಸುಮಾರು 7 ಗ್ರಾಂ. ಬಂಗಡೆ ಸಾರಿನ ದಿನ ರುಬ್ಬಲು ಒಡೆದ ಒಂದು ಕಾಯಿಯ ತುರಿ 260 ಗ್ರಾಂ ತೂಗಿತು. ಹಸಿ ಕಾಯಿಯಲ್ಲಿ ನೂರು ಗ್ರಾಂಗೆ 33 ಗ್ರಾಂ ಕೊಬ್ಬು, ಅದರಲ್ಲಿ 30 ಗ್ರಾಂ ಸಂತೃಪ್ತದ್ದೇ. ಎಂದರೆ ಆ ದಿನ ತಲೆಗೆ 19 ಗ್ರಾಂ ಸಂತೃಪ್ತ ಕೊಬ್ಬು ಬಂದದ್ದು ರುಬ್ಬುವ ಕಲ್ಲಿನಿಂದ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮೇಲ್ಮಿತಿ ಒಟ್ಟು ಆಹಾರಶಕ್ತಿಯ 10 ಪಾಲು, 2000 ಕಿಲೊಕ್ಯಾಲರಿ ಉಣ್ಣುವವರಿಗೆ 22 ಗ್ರಾಂ. ಹಾಲು, ತುಪ್ಪ ಲೆಕ್ಕಕ್ಕೆ ಬರುವ ಮೊದಲೇ ನಾವು ಮಿತಿ ದಾಟಿದ್ದೆವು. ತಕ್ಕಡಿಯನ್ನು ಒಳಗಿಡು ಎಂದು ಆಯಿ ಹೇಳಿದ್ದು ಆಗಲೇ.

ಎಣ್ಣೆಯ ಬಗ್ಗೆ ಇಷ್ಟೆಲ್ಲ ಜಗಳ ನಡೆದಿರುವಾಗ ಕಾಯಿಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂಬುದೇ ನನಗೆ ಸೋಜಿಗ. ರುಬ್ಬಿದ ಕಾಯಿಯೊಂದಿಗೆ ನೂರು ಗ್ರಾಂಗೆ 9 ಗ್ರಾಂ ನಾರು ಬರುತ್ತದೆ, ಹೊಟ್ಟೆ ಬೇಗ ತುಂಬುತ್ತದೆ. ಎಣ್ಣೆಯ ಮೇಲೆ ನಡೆದ ಪ್ರಯೋಗಗಳ ಅಂಕಿಗಳನ್ನು ಕಾಯಿಯ ಮೇಲೆ ಹಾಗೆಯೇ ಹೇರಲು ಬರುವುದಿಲ್ಲ. ಆದರೆ ದಿನವೂ ಕಾಯಿ ರುಬ್ಬುವ ಮನೆಯವರು, ಯಾರೋ ಒಳ್ಳೆಯದೆಂದರೆಂದು ಬೆಳಿಗ್ಗೆ ಖಾಲಿ ಹೊಟ್ಟೆಗೆ ಎರಡು ಚಮಚ ಎಣ್ಣೆ ಕುಡಿಯುವುದಕ್ಕೆ ಹಿರಿಯರ ಸಾಕ್ಷಿ ತರುವುದು ಸರಿಯಲ್ಲ. ಹಿರಿಯರು ಹಾಗೆ ಕುಡಿದವರಲ್ಲ. ಮಿಳ್ಳೆಯ ಸೌಟು ಅಷ್ಟು ದೊಡ್ಡದಿರಲಿಲ್ಲ.

ಕೊಬ್ಬರಿ ಎಣ್ಣೆಯಲ್ಲಿ ದೇಹ ತಾನಾಗಿ ತಯಾರಿಸಿಕೊಳ್ಳಲಾಗದ ಲಿನೋಲಿಕ್ ಆಮ್ಲ ನೂರಕ್ಕೆ ಎರಡರಷ್ಟು ಮಾತ್ರ, ಒಮೆಗಾ-3 ಇಲ್ಲವೆಂದೇ ಹೇಳಬೇಕು. ಕರಾವಳಿಯ ತಟ್ಟೆಯಲ್ಲಿ ಒಮೆಗಾ-3 ಕೊರತೆಯನ್ನು ತುಂಬುತ್ತಿದ್ದುದು ತಾರ್ಲೆ ಮತ್ತು ಬಂಗಡೆ. ಎರಡೂ ಎಣ್ಣೆಯಂಶ ಹೆಚ್ಚಿರುವ ಮೀನುಗಳು, ಅಗ್ಗದವು. ಘಟ್ಟದ ಮೇಲಿನ ಸಸ್ಯಾಹಾರಿ ಮನೆಗಳಲ್ಲಿ ಈ ಆಸರೆ ಇಲ್ಲ. ಅಲ್ಲಿ ತಂಬುಳಿಯೊಂದಿಗೆ ತುಪ್ಪವೂ ಮೊಸರೂ ಸೇರುವುದರಿಂದ ಸಂತೃಪ್ತ ಕೊಬ್ಬಿನ ಮೊತ್ತ ಇನ್ನೂ ಏರುತ್ತದೆ. ಅಕ್ಕನಿಗೆ ನಾನು ಹೇಳಿರುವುದು ಒಗ್ಗರಣೆಗೆ ಕೊಬ್ಬರಿ ಎಣ್ಣೆಯೇ ಇರಲಿ, ಪಲ್ಯಕ್ಕೂ ದೋಸೆಗೂ ಶೇಂಗಾ ಎಣ್ಣೆಯನ್ನೋ ಎಳ್ಳೆಣ್ಣೆಯನ್ನೋ ಇಟ್ಟುಕೊ ಎಂದು. ಎಲ್‌ಡಿಎಲ್ ಮೊದಲೇ ಹೆಚ್ಚಿರುವ ಭಾವನಿಗೆ ಕಾಯಿಯನ್ನೂ ಅರ್ಧಕ್ಕೆ ಇಳಿಸಬೇಕೆಂದು ವೈದ್ಯರು ಹೇಳಿದ್ದಾರೆ, ಅದು ಸರಿಯೇ.

ಕೊಬ್ಬರಿ ಎಣ್ಣೆಯ ಪರವಾಗಿ ಹೇಳಬೇಕಾದ್ದೂ ಒಂದಿದೆ. ಸೊಟ್ಟಗಳಿಲ್ಲದ ಸರಪಳಿಗಳನ್ನು ಗಾಳಿಯ ಆಮ್ಲಜನಕ ಸುಲಭವಾಗಿ ಕೆಡಿಸಲಾರದು. ಹಾಗಾಗಿ ಕಾಯಿಸುವಾಗ ಸೂರ್ಯಕಾಂತಿ ಎಣ್ಣೆಯಷ್ಟು ಬೇಗ ಇದು ಹಾಳಾಗುವುದಿಲ್ಲ. ಆದರೆ ಗಾಣದ ಎಣ್ಣೆ ಸುಮಾರು 175 ಡಿಗ್ರಿಗೆ ಹೊಗೆಯಾಡತೊಡಗುತ್ತದೆ, ಮೀನು ಕರಿಯುವ ಬಾಣಲೆ ಅಷ್ಟು ಬಿಸಿಯಾಗಲು ಹೆಚ್ಚು ಹೊತ್ತು ಬೇಡ. ಒದ್ದೆ ಕೈಯಲ್ಲಿ ಮುಟ್ಟಿದ, ಸರಿಯಾಗಿ ಒಣಗದ ಕೊಬ್ಬರಿಯಿಂದ ತೆಗೆದ ಎಣ್ಣೆಗೆ ಕೆಲ ದಿನಗಳಲ್ಲಿ ಸೋಪಿನ ರುಚಿ ಬರುವುದುಂಟು. ನೀರಿನಂಶ ಕೊಬ್ಬನ್ನು ಒಡೆದು ಲಾರಿಕ್ ಆಮ್ಲವನ್ನು ಬಿಡಿಸುತ್ತದೆ, ಸಾಬೂನಿನಲ್ಲಿ ನೊರೆ ಬರಿಸುವುದೂ ಅದೇ ಆಮ್ಲದ ಲವಣ. ಮಳೆಗಾಲದಲ್ಲಿ ಬೂಷ್ಟು ಹಿಡಿದ ಕೊಬ್ಬರಿಯದು ಇದಕ್ಕಿಂತ ಗಂಭೀರ ಸಂಗತಿ: ಆಸ್ಪರ್ಜಿಲಸ್ ಎಂಬ ಶಿಲೀಂಧ್ರದ ಅಫ್ಲಾಟಾಕ್ಸಿನ್ ಯಕೃತ್ತಿಗೆ ವಿಷ. ಬೂಷ್ಟನ್ನು ಒರೆಸಿ ಗಾಣಕ್ಕೆ ಹಾಕುವ ಉಳಿತಾಯ ಬೇಡ.

ಅಕ್ಕನ ಮನೆಯ ಕಪಾಟಿನಲ್ಲಿ ಆ ಬಾಟಲಿಯ ಪಕ್ಕ ಇನ್ನೊಂದು ಬಿಳಿಯ ಉಂಡೆ ಇರುತ್ತದೆ, ಮುರುಗಲ ತುಪ್ಪ. ಹಣ್ಣಿನ ಸಿಪ್ಪೆ ಸಾರಿಗೆ ಹೋದ ಮೇಲೆ ಉಳಿದ ಬೀಜವನ್ನು ಒಣಗಿಸಿ, ಕುಟ್ಟಿ, ನೀರಿನಲ್ಲಿ ಕುದಿಸಿ, ಮೇಲೆ ತೇಲಿದ್ದನ್ನು ತೆಗೆದು ಮಾಡಿದ ಕೊಬ್ಬು ಅದು. ಕೊಬ್ಬರಿ ಎಣ್ಣೆಗಿಂತ ಗಟ್ಟಿ, ಕರಗಲು ಹೆಚ್ಚುಕಡಿಮೆ 40 ಡಿಗ್ರಿ ಬೇಕು. ಗಟ್ಟಿತನವನ್ನೇ ನಂಬುವುದಾದರೆ ಇದು ಹೆಚ್ಚು ಕೆಟ್ಟದ್ದಾಗಬೇಕಿತ್ತು. ಆದರೆ ಇದರ ಅರ್ಧಕ್ಕೂ ಹೆಚ್ಚು ಪಾಲು 18 ಇಂಗಾಲದ ಸ್ಟಿಯರಿಕ್ ಆಮ್ಲ, ಉಳಿದದ್ದರಲ್ಲಿ ಹೆಚ್ಚಿನದು ಆಲಿವ್ ಎಣ್ಣೆಯಲ್ಲಿರುವ ಓಲಿಕ್ ಆಮ್ಲ. ಸ್ಟಿಯರಿಕ್ ಆಮ್ಲ ಸಂತೃಪ್ತದ್ದೇ ಆದರೂ ಎಲ್‌ಡಿಎಲ್ ಏರಿಸುವುದಿಲ್ಲ, ಅದರ ಒಂದಿಷ್ಟು ಪಾಲನ್ನು ಯಕೃತ್ತು ಓಲಿಕ್ ಆಗಿ ಮಾರ್ಪಡಿಸುತ್ತದೆ. ಇದನ್ನು ವಿವರಿಸಿದಾಗ ಅಕ್ಕ ನಕ್ಕಳು. ಅವಳ ಮನೆಯಲ್ಲಿ ಮುರುಗಲ ತುಪ್ಪ ಖರ್ಚಾಗುವುದು ಚಳಿಗೆ ಒಡೆದ ಹಿಮ್ಮಡಿಗೆ.